ಕೊನೆಯ ಎರಡು ನಿಮಿಷದ ಗೆಲುವು ಯಾರದ್ದು? ಟೀಬೋ, ಪ್ರಿವೆಂಟ್ ಡಿಫೆನ್ಸ್ ಮತ್ತು ಮುಗಿಯದ ಒಂದು ವಾದ

ಅಮೆರಿಕನ್ ಫುಟ್‌ಬಾಲ್ ನೋಡುವವರ ನಡುವೆ ಹಳೇ ಜಗಳ ಒಂದಿದೆ. ಪ್ರತಿ ಸೀಸನ್‌ನಲ್ಲೂ ಯಾರಾದರೊಬ್ಬ ಕ್ವಾರ್ಟರ್‌ಬ್ಯಾಕ್ (ತಂಡದ ಆಟ ನಡೆಸುವ, ಚೆಂಡು ಎಸೆಯುವ ಆಟಗಾರ) ಕೈಬಿಟ್ಟುಹೋದ ಪಂದ್ಯವನ್ನು ಕೊನೆಯ ನಿಮಿಷಗಳಲ್ಲಿ ತಿರುಗಿಸಿಬಿಡುತ್ತಾನೆ. ‘ಎಂಥ ಗುಂಡಿಗೆ ನೋಡಿ’ ಅಂತ ಕೆಲವರು ಹೊಗಳುತ್ತಾರೆ. ‘ಎದುರಾಳಿಗಳೇ ಹಿಂದೆ ಸರಿದು ದಾರಿ ಬಿಟ್ಟರು, ಅವನದೇನೂ ಹೆಚ್ಚುಗಾರಿಕೆ ಇಲ್ಲ’ ಅಂತ ಉಳಿದವರು ಮೂಗು ಮುರಿಯುತ್ತಾರೆ. ಈ ಜಗಳ ತಾರಕಕ್ಕೇರಿದ್ದು 2011ರಲ್ಲಿ. ಡೆನ್ವರ್ ಬ್ರಾಂಕೋಸ್ ತಂಡದ ಟಿಮ್ ಟೀಬೋ ಆ ವರ್ಷ ಒಂದರ ಹಿಂದೊಂದು ಪಂದ್ಯವನ್ನು ಕೊನೇ ಗಳಿಗೆಯಲ್ಲಿ ಗೆದ್ದ. ಅವನು ಗೆದ್ದನೋ, ಎದುರಾಳಿಗಳ ತಂತ್ರ ಸೋತಿತೋ ಎಂಬ ಪ್ರಶ್ನೆಗೆ ಇವತ್ತಿಗೂ ಎಲ್ಲರೂ ಒಪ್ಪುವ ಉತ್ತರ ಇಲ್ಲ.

ಈ ಆಟ ಹೊಸದಾದವರಿಗೆ ಸ್ವಲ್ಪ ಹಿನ್ನೆಲೆ ಬೇಕು. ಚೆಂಡು ಇರುವ ತಂಡಕ್ಕೆ 10 ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ. ದಾಟಿದರೆ ಮತ್ತೆ ನಾಲ್ಕು. ಕೊನೆಯ ಗೆರೆ ಮುಟ್ಟಿದರೆ ಟಚ್‌ಡೌನ್, 6 ಅಂಕ. ಅದರ ಮೇಲೆ ಇನ್ನೊಂದೋ ಎರಡೋ ಅಂಕಕ್ಕೆ ಒಂದು ಪ್ರಯತ್ನ. ಅಷ್ಟು ದೂರ ಹೋಗಲಾಗದಿದ್ದರೆ ಕಂಬಗಳ ನಡುವೆ ಒದ್ದು 3 ಅಂಕ ತಗೊಳ್ಳಬಹುದು. ಅದು ಫೀಲ್ಡ್ ಗೋಲ್. ಇಷ್ಟಕ್ಕೆ ಗಡಿಯಾರವನ್ನೂ ಸೇರಿಸಿಕೊಳ್ಳಿ. ಕೊನೆಯ ನಿಮಿಷಗಳಲ್ಲಿ ಚೆಂಡು ಹಿಡಿದವನು ಪಕ್ಕದ ಗೆರೆ ದಾಟಿ ಹೊರಗೆ ಹೋದರೆ ಗಡಿಯಾರ ನಿಲ್ಲುತ್ತದೆ. ಎಸೆದ ಚೆಂಡು ಯಾರ ಕೈಗೂ ಸಿಗದೆ ನೆಲಕ್ಕೆ ಬಿದ್ದರೂ ನಿಲ್ಲುತ್ತದೆ. ಚೆಂಡು ಹಿಡಿದವನು ಮೈದಾನದ ಒಳಗೇ ಬಿದ್ದರೆ ಗಡಿಯಾರ ಓಡುತ್ತಲೇ ಇರುತ್ತದೆ.

ಮುಂದಿರುವ ತಂಡಕ್ಕೆ ಬೇಕಾಗಿರುವುದು ಆ ಓಟವೇ. ಹಾಗಾಗಿ ಅದು ಕೊನೆಯಲ್ಲಿ ಪ್ರಿವೆಂಟ್ ಡಿಫೆನ್ಸ್‌ಗೆ ಇಳಿಯುತ್ತದೆ. ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಲು ಮೂವರನ್ನೋ ನಾಲ್ವರನ್ನೋ ಮಾತ್ರ ಕಳಿಸಿ, ಉಳಿದವರು ಹಿಂದೆ ಸರಿದು ಹರಡಿಕೊಳ್ಳುತ್ತಾರೆ. ಏಕದಿನ ಪಂದ್ಯದ ಕೊನೆಯ ಓವರ್‌ಗಳಲ್ಲಿ ಫೀಲ್ಡರ್‌ಗಳನ್ನೆಲ್ಲ ಬೌಂಡರಿ ಗೆರೆಗೆ ಕಳಿಸಿ ‘ಒಂದೊಂದು ರನ್ ಬೇಕಾದರೆ ತಗೋ’ ಎಂದು ಬಿಡುವ ಹಾಗೆ. ಸಣ್ಣ ಎಸೆತ ಕೊಡು, ದೊಡ್ಡದು ಕೊಡಬೇಡ, ಗಡಿಯಾರ ಓಡಲಿ. ಲೆಕ್ಕ ಇಷ್ಟೇ. 14 ಅಂಕ ಮುಂದಿದ್ದು 2 ನಿಮಿಷ ಉಳಿದಿದ್ದರೆ ಈ ಲೆಕ್ಕ ಸರಿಯಾಗಿಯೇ ಇದೆ. ಮುನ್ನಡೆ 3 ಅಂಕಕ್ಕೆ ಇಳಿದಾಗ ಲೆಕ್ಕ ಬಿಗಿಯಾಗುತ್ತದೆ. ಆಗ ಹಿಂದಿರುವ ತಂಡಕ್ಕೆ ಟಚ್‌ಡೌನ್ ಬೇಕಿಲ್ಲ. ಅರ್ಧ ಮೈದಾನ ದಾಟಿ ಒದ್ದರೆ ಸಾಕು.

ತಂತ್ರ ಹಳೆಯದು, ಅದರ ಮೇಲಿನ ಸಿಟ್ಟೂ ಅಷ್ಟೇ ಹಳೆಯದು. ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ 1958ರ ಫೈನಲ್‌ನಲ್ಲಿ ಬಾಲ್ಟಿಮೋರ್‌ನ ಜಾನಿ ಯುನೈಟಸ್ ಒಬ್ಬನೇ ಆಟಗಾರ ರೇಮಂಡ್ ಬೆರ್ರಿಗೆ ಸಾಲಾಗಿ ಮೂರು ಎಸೆತ ಎಸೆದು 62 ಯಾರ್ಡ್ ಕಿತ್ತುಕೊಂಡ. 7 ಸೆಕೆಂಡ್ ಇರುವಾಗ ಪಂದ್ಯ ಸಮವಾಯಿತು. ಕೊನೆಯ ಎರಡು ನಿಮಿಷದ ಆಟವೇ ಬೇರೆ ಎಂದು ದೇಶಕ್ಕೆಲ್ಲ ಗೊತ್ತಾಗಿದ್ದು ಅಂದು. 1987ರ ಜನವರಿಯಲ್ಲಿ ಡೆನ್ವರ್‌ನ ಜಾನ್ ಎಲ್‌ವೇ ಕ್ಲೀವ್‌ಲ್ಯಾಂಡ್ ವಿರುದ್ಧ ತನ್ನ ತುದಿಯಿಂದ 2 ಯಾರ್ಡ್ ದೂರದ ಗೆರೆಯಿಂದ ಹೊರಟು 98 ಯಾರ್ಡ್ ಸಾಗಿ ಪಂದ್ಯ ಸಮ ಮಾಡಿದ, ಓವರ್‌ಟೈಮ್‌ನಲ್ಲಿ ಡೆನ್ವರ್ ಗೆದ್ದಿತು. 1993ರಲ್ಲಿ ಬಫಲೋ 32 ಅಂಕ ಹಿಂದಿದ್ದು ಗೆದ್ದಿತು. ‘ಪ್ರಿವೆಂಟ್ ಡಿಫೆನ್ಸ್ ತಡೆಯುವುದು ನಿಮ್ಮ ಗೆಲುವನ್ನೇ’ ಎಂಬ ಮಾತು ಅಷ್ಟರಲ್ಲಾಗಲೇ ಗಾದೆಯಂತೆ ಓಡಾಡುತ್ತಿತ್ತು.

ಒಂದನ್ನು ಗಮನಿಸಿ. ಎಲ್‌ವೇಯ ಆ 98 ಯಾರ್ಡ್‌ಗೆ ‘ಕ್ಲೀವ್‌ಲ್ಯಾಂಡ್ ಮೆತ್ತಗೆ ಆಡಿತು’ ಎಂಬ ಆರೋಪ ಆಗಲೂ ಇತ್ತು. ಅದು ಹೆಚ್ಚಾಗಿ ಕ್ಲೀವ್‌ಲ್ಯಾಂಡ್ ಅಭಿಮಾನಿಗಳ ಗೋಳಾಗಿಯೇ ಉಳಿಯಿತು. ಎಲ್‌ವೇಯ ಹೆಸರಿಗೆ ಅದರಿಂದ ಚೂರೂ ಧಕ್ಕೆ ಆಗಲಿಲ್ಲ. ಟೀಬೋ ವಿಷಯದಲ್ಲಿ ಹಾಗಾಗಲಿಲ್ಲ.

ಟೀಬೋ ಫ್ಲಾರಿಡಾ ವಿಶ್ವವಿದ್ಯಾಲಯದ ದೊಡ್ಡ ಹೆಸರು. 2007ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಪ್ರಶಸ್ತಿ ಹೈಸ್‌ಮನ್ ಗೆದ್ದವನು. 2010ರಲ್ಲಿ ಡೆನ್ವರ್ ಅವನನ್ನು ಮೊದಲ ಸುತ್ತಿನಲ್ಲೇ, 25ನೇ ಆಯ್ಕೆಯಾಗಿ ತೆಗೆದುಕೊಂಡಿತು. ಓಡುವುದರಲ್ಲಿ ಗಟ್ಟಿಗ, ಎಸೆಯುವುದರಲ್ಲಿ ಮಾತ್ರ ಎಲ್ಲರಿಗೂ ಅನುಮಾನ. 2011ರಲ್ಲಿ ಡೆನ್ವರ್ ಮೊದಲ ಐದು ಪಂದ್ಯಗಳಲ್ಲಿ ನಾಲ್ಕು ಸೋತ ಮೇಲೆ ಅವನಿಗೆ ಅವಕಾಶ ಬಂತು. ಆ ಸೀಸನ್‌ನಲ್ಲಿ ಅವನು ಎಸೆದ 271ರಲ್ಲಿ ಸರಿಯಾಗಿ ಕೈಸೇರಿದ್ದು 126. ಶೇಕಡಾ 46.5. ಒಂದು ತಂಡವನ್ನು ನಡೆಸುವ ಕ್ವಾರ್ಟರ್‌ಬ್ಯಾಕ್‌ಗೆ ಇದು ತೀರಾ ಕಡಿಮೆ.

ಆದರೂ ಗೆದ್ದ. ಮೊದಲ ಪಂದ್ಯ ಮಯಾಮಿಯಲ್ಲಿ, ಅಕ್ಟೋಬರ್ 23ಕ್ಕೆ. 3 ನಿಮಿಷಕ್ಕೂ ಕಡಿಮೆ ಉಳಿದಾಗ ಸ್ಕೋರು 15-0, ಡೆನ್ವರ್ ಹಿಂದೆ. ಒಂದು ಟಚ್‌ಡೌನ್ ಬಂತು. ಆಮೇಲೆ, ಎದುರಾಳಿಗೆ ಒದ್ದು ಕೊಡಬೇಕಾದ ಚೆಂಡನ್ನು ತಾವೇ ಹಿಡಿಯಲೆಂದು ಸಣ್ಣದಾಗಿ ಒದ್ದ ಆನ್‌ಸೈಡ್ ಕಿಕ್ ಡೆನ್ವರ್‌ನವರ ಕೈಗೇ ಸಿಕ್ಕಿತು. 17 ಸೆಕೆಂಡ್ ಇರುವಾಗ ಇನ್ನೊಂದು ಟಚ್‌ಡೌನ್. ಮೇಲಿನ 2 ಅಂಕಕ್ಕೆ ಟೀಬೋ ತಾನೇ ಓಡಿದ. ಓವರ್‌ಟೈಮ್‌ನಲ್ಲಿ ಮ್ಯಾಟ್ ಪ್ರೇಟರ್ 52 ಯಾರ್ಡ್‌ನಿಂದ ಒದ್ದು 18-15 ಮಾಡಿದ. ಮುಂದಿನ ವಾರ ಡೆಟ್ರಾಯಿಟ್ ಎದುರು 45-10 ಸೋಲು. ಆಮೇಲೆ ಸಾಲಾಗಿ ಆರು ಗೆಲುವು. ನ್ಯೂಯಾರ್ಕ್‌ನ ಜೆಟ್ಸ್, ಸ್ಯಾನ್ ಡಿಯಾಗೊ, ಮಿನೆಸೊಟ, ಶಿಕಾಗೊ ವಿರುದ್ಧದ ನಾಲ್ಕೂ ಕೊನೇ ಗಳಿಗೆಯಲ್ಲಿ ಅಥವಾ ಓವರ್‌ಟೈಮ್‌ನಲ್ಲಿ ಬಂದವು.

ಪ್ರಿವೆಂಟ್ ವಾದಿಗಳ ಅತಿ ದೊಡ್ಡ ಸಾಕ್ಷಿ ಶಿಕಾಗೊ ಪಂದ್ಯ. ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಡಿಸೆಂಬರ್ 11, ಡೆನ್ವರ್. ಮೊದಲ ಮೂರು ಕ್ವಾರ್ಟರ್‌ಗಳಲ್ಲಿ ಟೀಬೋ 16 ಸಲ ಎಸೆದ. ಕೈಸೇರಿದ್ದು 3. ಸಿಕ್ಕಿದ್ದು 45 ಯಾರ್ಡ್. ನಾಲ್ಕನೇ ಕ್ವಾರ್ಟರ್ ಮತ್ತು ಓವರ್‌ಟೈಮ್‌ನಲ್ಲಿ 24 ಎಸೆತ, ಕೈಸೇರಿದ್ದು 18, ಯಾರ್ಡ್ 191. ಅದೇ ಕೈ, ಅದೇ ಮೈದಾನ, ಅದೇ ಎದುರಾಳಿ. ಬದಲಾಗಿದ್ದು ಏನು? ಶಿಕಾಗೊ 10-0 ಮುಂದಿತ್ತು. ಅವರ ಡಿಫೆನ್ಸ್ ಆಳಕ್ಕೆ ಸರಿದು ನಿಂತಿತು. ನಡುವೆ ಖಾಲಿ ಜಾಗ ಸಿಕ್ಕಿತು. ಟೀಬೋ ಅಲ್ಲಿಗೆ ಎಸೆಯುತ್ತ ಹೋದ. 2 ನಿಮಿಷ 8 ಸೆಕೆಂಡ್ ಇರುವಾಗ ಡೆಮೇರಿಯಸ್ ಥಾಮಸ್‌ಗೆ ಟಚ್‌ಡೌನ್.

ಇಲ್ಲಿಯವರೆಗೆ ವಾದ ಸರಿಯಾಗಿಯೇ ಇದೆ. ಆದರೆ ಮುಂದೇನಾಯಿತು ನೋಡಿ. ಈ ಸಲ ಆನ್‌ಸೈಡ್ ಕಿಕ್ ಕೈಗೂಡಲಿಲ್ಲ. ಚೆಂಡು ಶಿಕಾಗೊ ಕೈಯಲ್ಲಿತ್ತು. ಅವರು ಗಡಿಯಾರ ಓಡಿಸಿದ್ದರೆ ಸಾಕಿತ್ತು. ಚೆಂಡು ಹಿಡಿದು ಓಡಿದ ಮೇರಿಯನ್ ಬಾರ್ಬರ್ ಪಕ್ಕದ ಗೆರೆ ದಾಟಿ ಹೊರಗೆ ಹೋದ, ಗಡಿಯಾರ ನಿಂತಿತು. ಇದು ಡಿಫೆನ್ಸ್ ಮಾಡಿದ ತಪ್ಪಲ್ಲ. ಡೆನ್ವರ್‌ಗೆ ಒಂದು ನಿಮಿಷದೊಳಗಿನ ಸಮಯ ಉಳಿಯಿತು, ತನ್ನ 20 ಯಾರ್ಡ್ ಗೆರೆಯಿಂದ. ಶಿಕಾಗೊ ಮತ್ತೆ ಆಳಕ್ಕೆ ನಿಂತಿತು. ಮುನ್ನಡೆ 3 ಅಂಕ ಮಾತ್ರ. ಟೀಬೋ ಗಳಿಸಿದ್ದು ಹೆಚ್ಚೂಕಡಿಮೆ 40 ಯಾರ್ಡ್. ಉಳಿದದ್ದು ಪ್ರೇಟರ್ ಕಾಲಿನ ಕೆಲಸ. ಅವನು ಒದ್ದಿದ್ದು 59 ಯಾರ್ಡ್‌ನಿಂದ. ಡೆನ್ವರ್ ಸಮುದ್ರ ಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ಚೆಂಡು ಜಾಸ್ತಿ ದೂರ ಹೋಗುತ್ತದೆ. ಎರಡು ವರ್ಷದ ನಂತರ ಇದೇ ಪ್ರೇಟರ್ ಇದೇ ಊರಿನಲ್ಲಿ 64 ಯಾರ್ಡ್ ಒದ್ದು ಲೀಗ್ ದಾಖಲೆ ಬರೆದ.

ಓವರ್‌ಟೈಮ್‌ನಲ್ಲಿ ಶಿಕಾಗೊ ಫೀಲ್ಡ್ ಗೋಲ್ ಒದೆಯುವಷ್ಟು ಹತ್ತಿರ ಬಂದಿತ್ತು. ಡೆನ್ವರ್‌ನ ವೆಸ್ಲಿ ವುಡ್‌ಯಾರ್ಡ್ ಚೆಂಡನ್ನು ಎದುರಾಳಿಯ ಕೈಯಿಂದ ಕೆಡವಿದ. ಪ್ರೇಟರ್ 51 ಯಾರ್ಡ್‌ನಿಂದ ಒದ್ದು 13-10 ಮಾಡಿದ. ಇನ್ನೂ ಒಂದು ವಿಷಯ ಇದೆ. ಅಂದು ಶಿಕಾಗೊದ ಮುಖ್ಯ ಕ್ವಾರ್ಟರ್‌ಬ್ಯಾಕ್ ಜೇ ಕಟ್ಲರ್ ಹೆಬ್ಬೆರಳು ಮುರಿದುಕೊಂಡು ಹೊರಗಿದ್ದ. ಮುಖ್ಯ ಓಟಗಾರ ಮ್ಯಾಟ್ ಫೋರ್ಟೆಯೂ ಗಾಯಗೊಂಡಿದ್ದ. ಹಾಗಾಗಿ 10 ಅಂಕಕ್ಕಿಂತ ಹೆಚ್ಚು ಬರಲಿಲ್ಲ. 20 ಬಂದಿದ್ದರೆ ಪ್ರಿವೆಂಟ್ ಬಗ್ಗೆ ಯಾರೂ ಮಾತಾಡುತ್ತಲೇ ಇರಲಿಲ್ಲ, ಅಲ್ವಾ?

ಈಗ ಜೆಟ್ಸ್ ಪಂದ್ಯ. ನವೆಂಬರ್ 17. ಡೆನ್ವರ್ 13-10 ಹಿಂದೆ, ಚೆಂಡು ತನ್ನದೇ 5 ಯಾರ್ಡ್ ಗೆರೆಯಲ್ಲಿ, ಉಳಿದದ್ದು 6 ನಿಮಿಷದೊಳಗೆ. ಟೀಬೋ 12 ಪ್ರಯತ್ನಗಳಲ್ಲಿ 95 ಯಾರ್ಡ್ ಸಾಗಿದ, ಹೆಚ್ಚಿನದು ತನ್ನ ಕಾಲ ಮೇಲೆ. ಕೊನೆಯ ಪ್ರಯತ್ನದಲ್ಲಿ ಜೆಟ್ಸ್ ಹಿಂದೆ ಸರಿಯಲಿಲ್ಲ. ಪೂರ್ತಿ ಉಲ್ಟಾ, ಗುಂಪಾಗಿ ಅವನ ಮೇಲೆ ನುಗ್ಗಿದರು. ಅವನು ಎಡಕ್ಕೆ ತಪ್ಪಿಸಿಕೊಂಡ. ಹಿಂದೆ ಕಾಯಲು ಜನವೇ ಇರಲಿಲ್ಲ. 20 ಯಾರ್ಡ್ ಓಡಿ ಗೆರೆ ಮುಟ್ಟಿದಾಗ 58 ಸೆಕೆಂಡ್ ಬಾಕಿ. ಇಲ್ಲಿ ಪ್ರಿವೆಂಟ್ ಎಲ್ಲಿತ್ತು?

2012ರ ಜನವರಿ 8ರ ಪಿಟ್ಸ್‌ಬರ್ಗ್ ನಾಕೌಟ್ ಪಂದ್ಯ ಇನ್ನೂ ಒಂದು ಹೆಜ್ಜೆ ಮುಂದೆ. ಆ ಸೀಸನ್‌ನಲ್ಲಿ ಎಸೆತಕ್ಕೆ ಅತಿ ಕಡಿಮೆ ಯಾರ್ಡ್ ಕೊಟ್ಟ ತಂಡ ಪಿಟ್ಸ್‌ಬರ್ಗ್. ಟೀಬೋ ಓಟವನ್ನು ತಡೆಯಲು ಅವರು ಹಿಂದಿನ ಕಾವಲಿನವರನ್ನೂ ಮುಂದಕ್ಕೆ ತಂದು ನಿಲ್ಲಿಸಿದರು. ಓವರ್‌ಟೈಮ್‌ನ ಮೊದಲ ಪ್ರಯತ್ನದಲ್ಲೇ ಟೀಬೋ ಥಾಮಸ್‌ಗೆ ಎಸೆದ. ಥಾಮಸ್ ಪಕ್ಕದ ಗೆರೆಯುದ್ದಕ್ಕೂ ಓಡಿದ. 80 ಯಾರ್ಡ್, 11 ಸೆಕೆಂಡ್, 29-23. ಅಂದು 10 ಎಸೆತ ಕೈಸೇರಿ 316 ಯಾರ್ಡ್ ಬಂತು. ಹಿಂದೆ ಸರಿದು ನಿಂತವರ ಎದುರು ಗೆದ್ದ, ಮುಂದೆ ಬಂದು ನಿಂತವರ ಎದುರೂ ಗೆದ್ದ. ಒಂದೇ ಕಾರಣ ಎರಡಕ್ಕೂ ಹೇಗೆ ಆದೀತು?

ನನಗೆ ಕಾಣುವ ಉತ್ತರ ಬೇರೆ ಕಡೆ ಇದೆ. ಮೊದಲನೆಯದು ಡೆನ್ವರ್‌ನ ಸ್ವಂತ ಆಟ. ಮೂರು ಕ್ವಾರ್ಟರ್ ಕಾಲ ಅವರು ಎಸೆಯಲು ಹೆದರಿ ಚೆಂಡನ್ನು ಓಡಿಸಿಕೊಂಡೇ ಇರುತ್ತಿದ್ದರು. ನವೆಂಬರ್‌ನ ಕ್ಯಾನ್ಸಸ್ ಸಿಟಿ ಪಂದ್ಯದಲ್ಲಿ ಟೀಬೋ ಎಸೆದಿದ್ದು ಬರೀ 8 ಸಲ, ಕೈಸೇರಿದ್ದು 2. ಆ ಪಂದ್ಯವನ್ನೂ 17-10ರಿಂದ ಗೆದ್ದರು. ಕೊನೆಯಲ್ಲಿ ಹಿಂದಿದ್ದಾಗ ಹೆದರಿಕೆಗೆ ಅರ್ಥವೇ ಇರುವುದಿಲ್ಲ. ಎಸೆಯಲೇಬೇಕು. ಇನ್ನೂ ಮುಖ್ಯವಾದದ್ದು ಅವಕಾಶಗಳ ಲೆಕ್ಕ. ಸಾಮಾನ್ಯವಾಗಿ ತಂಡಗಳು ಮೂರು ಅವಕಾಶ ಬಳಸಿ, ನಾಲ್ಕನೆಯದರಲ್ಲಿ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುತ್ತವೆ. ಕೊನೆಯ ನಿಮಿಷದಲ್ಲಿ ಹಿಂದಿರುವ ತಂಡ ನಾಲ್ಕನ್ನೂ ಬಳಸುತ್ತದೆ. ಗುರಿ ತಪ್ಪುವ ಕೈಗೆ ಇನ್ನೊಂದು ಅವಕಾಶ ಸಿಗುವುದು ಸಣ್ಣ ಮಾತಲ್ಲ. ಹತ್ತರಲ್ಲಿ ಐದು ತಪ್ಪುವವನಿಗೆ ಅದರ ಲಾಭ ಇನ್ನೂ ಜಾಸ್ತಿ.

ಎರಡನೆಯದು ಡೆನ್ವರ್‌ನ ಡಿಫೆನ್ಸ್. ಈ ಕಥೆಯಲ್ಲಿ ಅದಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ ಎಂಬುದು ನನ್ನ ಬೇಸರ. ಮಯಾಮಿ ಗಳಿಸಿದ್ದು 15. ಜೆಟ್ಸ್ 13, ಸ್ಯಾನ್ ಡಿಯಾಗೊ 13, ಶಿಕಾಗೊ 10. ಮೇಲೇಳಬೇಕಾದರೆ ಮೊದಲು ಹತ್ತಿರದಲ್ಲಿರಬೇಕು. ಹತ್ತಿರ ಇಟ್ಟವರು ಆ ವರ್ಷವೇ ಲೀಗ್‌ಗೆ ಬಂದ ವಾನ್ ಮಿಲ್ಲರ್, ಎಲ್ವಿಸ್ ಡೂಮರ್‌ವಿಲ್, ಚಾಂಪ್ ಬೇಲಿ ಮತ್ತು ಅವರ ಜೊತೆಯವರು. ಆಂಡ್ರೆ ಗುಡ್‌ಮನ್ ಹೆಸರು ಈಗ ಎಷ್ಟು ಜನಕ್ಕೆ ನೆನಪಿದೆ? ಜೆಟ್ಸ್ ಎದುರು ಎಸೆತ ಕಿತ್ತುಕೊಂಡು ಓಡಿ ಟಚ್‌ಡೌನ್ ಮಾಡಿದವನು ಅವನೇ. ಆ 7 ಅಂಕ ಇಲ್ಲದಿದ್ದರೆ 95 ಯಾರ್ಡ್ ಸಾಗಿಯೂ ಪಂದ್ಯ ಗೆಲ್ಲಲಾಗುತ್ತಿರಲಿಲ್ಲ. ಮಿನೆಸೊಟ ಎದುರು ಕೊನೆಯಲ್ಲಿ ಎಸೆತ ಕಿತ್ತುಕೊಂಡು ಪ್ರೇಟರ್‌ಗೆ 23 ಯಾರ್ಡ್‌ನ ಸುಲಭದ ಒದೆತ ಕೊಡಿಸಿದವನೂ ಅವನೇ.

ಆ ಡಿಫೆನ್ಸ್ ಕೈಕೊಟ್ಟಾಗ ಪವಾಡವೂ ಕೈಕೊಟ್ಟಿತು. ಡಿಸೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ 41 ಅಂಕ ಗಳಿಸಿತು, ಬಫಲೋ 40. ಎರಡೂ ಸೋಲು. ಲೀಗ್ ಹಂತದ ಕೊನೆಯ ಪಂದ್ಯದಲ್ಲಿ ಕ್ಯಾನ್ಸಸ್ ಸಿಟಿ ಗಳಿಸಿದ್ದು ಬರೀ 7. ಡೆನ್ವರ್ ಕೊನೆಯವರೆಗೂ ಹತ್ತಿರದಲ್ಲೇ ಇತ್ತು. ಟೀಬೋ ಎಸೆದ 22ರಲ್ಲಿ ಕೈಸೇರಿದ್ದು 6, ಯಾರ್ಡ್ 60. 7-3ರಿಂದ ಸೋತರು. ಹತ್ತಿರ ಇದ್ದರೂ ಸಾಲದು ಎಂಬುದಕ್ಕೆ ಆ ಪಂದ್ಯವೇ ಸಾಕ್ಷಿ. ಡೆನ್ವರ್ 8 ಗೆಲುವು, 8 ಸೋಲಿನೊಂದಿಗೆ ಲೀಗ್ ಹಂತ ಮುಗಿಸಿತು.

ಇನ್ನೊಂದು ತೊಡಕಿದೆ. ಪ್ರಿವೆಂಟ್ ಕೆಲಸ ಮಾಡಿದ ದಿನ ಸುದ್ದಿ ಆಗುವುದಿಲ್ಲ. ಹಿಂದಿದ್ದ ತಂಡ ಸಣ್ಣ ಸಣ್ಣ ಎಸೆತ ಎಸೆಯುತ್ತದೆ, ಗಡಿಯಾರ ಮುಗಿಯುತ್ತದೆ, ಜನ ಮನೆಗೆ ಹೋಗುತ್ತಾರೆ. ನಮಗೆ ನೆನಪಿರುವುದು ಅದು ಕೈಕೊಟ್ಟ ದಿನಗಳು ಮಾತ್ರ. ನೆನಪಿನ ಮೇಲೆ ತಂತ್ರವೊಂದನ್ನು ತೂಗಿದರೆ ಅದು ಸೋಲುವುದೇ ಸೈ. ಕಮ್‌ಬ್ಯಾಕ್ ಎಣಿಸುವುದರಲ್ಲೂ ಇದೇ ಪಾಡು. ಎಲ್‌ವೇ ಹೆಸರಿನಲ್ಲಿ ಬಹಳ ಕಾಲ ಓಡಾಡಿದ 47 ಎಂಬ ಸಂಖ್ಯೆಯಲ್ಲಿ ಪಂದ್ಯ ಸಮ ಮಾಡಿದ ಸಂದರ್ಭಗಳೂ ಸೇರಿದ್ದವು. ಬೇರೆಯವರಿಗೆ ಗೆಲುವನ್ನಷ್ಟೇ ಎಣಿಸಿದವರಿದ್ದಾರೆ.

2012ರ ಮಾರ್ಚ್‌ನಲ್ಲಿ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಡೆನ್ವರ್‌ಗೆ ಬಂದರು. ಟೀಬೋನನ್ನು ಜೆಟ್ಸ್‌ಗೆ ಕೊಟ್ಟರು. ಅಲ್ಲಿ ಇಡೀ ಸೀಸನ್‌ನಲ್ಲಿ ಅವನು ಎಸೆದಿದ್ದು 8 ಸಲ. ವಾದ ಬಗೆಹರಿಸಲು ಬೇಕಾದ ಹೊಸ ಪಂದ್ಯಗಳು ಬರಲೇ ಇಲ್ಲ.

ಹತ್ತು ವರ್ಷದ ನಂತರ, 2022ರ ಜನವರಿ 23ರಂದು, ಬಫಲೋ 36-33 ಮುಂದಿತ್ತು. ಉಳಿದದ್ದು 13 ಸೆಕೆಂಡ್. ಬಫಲೋ ಚೆಂಡನ್ನು ಮೈದಾನದ ಕೊನೆಯಾಚೆಗೆ ಒದ್ದಿತು. ಹಾಗಾಗಿ ಒಂದು ಸೆಕೆಂಡೂ ಕಳೆಯಲಿಲ್ಲ. ಆಮೇಲೆ ಡಿಫೆನ್ಸ್ ಆಳಕ್ಕೆ ಸರಿಯಿತು. ಕ್ಯಾನ್ಸಸ್ ಸಿಟಿಯ ಪ್ಯಾಟ್ರಿಕ್ ಮಹೋಮ್ಸ್ ಟೈರೀಕ್ ಹಿಲ್‌ಗೆ 19 ಯಾರ್ಡ್, ಟ್ರಾವಿಸ್ ಕೆಲ್ಸಿಗೆ 25 ಯಾರ್ಡ್ ಎಸೆದ. 49 ಯಾರ್ಡ್‌ನ ಫೀಲ್ಡ್ ಗೋಲ್ ಪಂದ್ಯವನ್ನು ಸಮ ಮಾಡಿತು, ಓವರ್‌ಟೈಮ್‌ನಲ್ಲಿ ಕ್ಯಾನ್ಸಸ್ ಸಿಟಿ 42-36ರಿಂದ ಗೆದ್ದಿತು. ಶಿಕಾಗೊ ಮಾಡಿದ ಲೆಕ್ಕವೇ ಇದು, 3 ಅಂಕದ ಮುನ್ನಡೆ, ಆಳಕ್ಕೆ ಸರಿದ ಕಾವಲು, ಸುಮಾರು 40 ಯಾರ್ಡ್. ಮಹೋಮ್ಸ್ ಅಷ್ಟರಲ್ಲಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದಾಗಿತ್ತು. ಜನ ಬಫಲೋ ಡಿಫೆನ್ಸ್ ಮೇಲೆ ಸಿಟ್ಟಾದರು, ಮಹೋಮ್ಸ್‌ನನ್ನು ಕೊಂಡಾಡಿದರು. ಎರಡನ್ನೂ ಒಟ್ಟಿಗೆ ಹೇಳಲು ಅವರಿಗೆ ಏನೂ ಕಷ್ಟ ಆಗಲಿಲ್ಲ. ಟೀಬೋಗೆ ಆ ಉದಾರತೆ ಸಿಕ್ಕಿರಲಿಲ್ಲ.

ಎರಡು ತಿಂಗಳ ಬಳಿಕ ಲೀಗ್ ನಿಯಮ ಬದಲಿಸಿತು. ನಾಕೌಟ್ ಪಂದ್ಯಗಳ ಓವರ್‌ಟೈಮ್‌ನಲ್ಲಿ ಎರಡೂ ತಂಡಕ್ಕೆ ಒಂದೊಂದು ಸಲ ಚೆಂಡು ಸಿಗಬೇಕು ಎಂದಾಯಿತು. 13 ಸೆಕೆಂಡ್ ಉಳಿದಾಗ ಎಷ್ಟು ಹಿಂದೆ ನಿಲ್ಲಬೇಕು ಎಂಬುದನ್ನು ಮಾತ್ರ ಪ್ರತಿ ತಂಡವೂ ಆ ಕ್ಷಣದಲ್ಲೇ ತೀರ್ಮಾನಿಸಬೇಕು.