ಇವತ್ತೇ ಹಾಕಲೇ, ತಡೆದು ಹಾಕಲೇ?

‘ಅಪ್‌ಡೇಟ್ ಸಿದ್ಧವಾಗಿದೆ’ ಎಂಬ ಸೂಚನೆ ಕಂಡೊಡನೆ ಒತ್ತಿಬಿಡುವವರಿದ್ದಾರೆ, ‘ಆಮೇಲೆ ನೆನಪಿಸು’ ಎನ್ನುತ್ತ ತಿಂಗಳುಗಟ್ಟಲೆ ಸಾಗಹಾಕುವವರೂ ಇದ್ದಾರೆ. ವಾದಕ್ಕೆ ಕೂತರೆ ಇಬ್ಬರ ಬಳಿಯೂ ಒಳ್ಳೆಯ ಪುರಾವೆಯೇ ಇದೆ.

ತಡಮಾಡಿದವರಿಗೆ ಪೆಟ್ಟು ಬಿದ್ದದ್ದು 2017ರಲ್ಲಿ. ವಿಂಡೋಸ್ ಕಂಪ್ಯೂಟರುಗಳು ಪರಸ್ಪರ ಫೈಲ್ ಹಂಚಿಕೊಳ್ಳುವ ವ್ಯವಸ್ಥೆಯಲ್ಲಿದ್ದ ಒಂದು ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದು ಪ್ಯಾಚ್, ಅಂದರೆ ದೋಷ ಸರಿಪಡಿಸುವ ತಿದ್ದುಪಡಿ, ಬಿಟ್ಟಿತು. ಮೇ 12ರಂದು ಅದೇ ದೋಷದ ಮೂಲಕ ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ನುಗ್ಗಿ ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಎಷ್ಟೋ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ನಡುವೆ 59 ದಿನಗಳಿದ್ದವು. ಪ್ಯಾಚ್ ಹೊರಬಿದ್ದ ದಿನವೇ ದೋಷ ಎಲ್ಲಿದೆಯೆಂಬ ಸುಳಿವೂ ಹೊರಬೀಳುತ್ತದೆ: ಹಳೆಯ ಫೈಲನ್ನೂ ಹೊಸದನ್ನೂ ಹೋಲಿಸಿ ನೋಡಲು ಗೊತ್ತಿದ್ದವರಿಗೆ ಅಷ್ಟು ಸಾಕು.

ಅವಸರದವರಿಗೆ ಎಚ್ಚರಿಕೆಯಾದದ್ದು 2024ರ ಎಕ್ಸ್‌ಝಡ್ ಪ್ರಕರಣ. ಫೈಲುಗಳನ್ನು ಕುಗ್ಗಿಸುವ ಈ ಪುಟ್ಟ ತಂತ್ರಾಂಶದ ಹೆಸರು ಕೇಳಿದವರು ಕಡಿಮೆ, ಆದರೆ ವಿಂಡೋಸ್‌ನಂತೆ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್‌ನ ಲೋಕದಲ್ಲಿ ಅದು ಎಲ್ಲೆಲ್ಲೂ ಇದೆ. ಜಿಯಾ ಟ್ಯಾನ್ ಎಂಬ ಹೆಸರಿನಲ್ಲಿ ಯಾರೋ 2021ರಿಂದ ಅದಕ್ಕೆ ತಿದ್ದುಪಡಿ ಕಳಿಸುತ್ತ, ಒಂಟಿಯಾಗಿ ದಣಿದಿದ್ದ ನಿರ್ವಾಹಕರ ವಿಶ್ವಾಸ ಗಳಿಸಿ, ಹೊಸ ಆವೃತ್ತಿ ಬಿಡುಗಡೆ ಮಾಡುವ ಹಕ್ಕನ್ನೇ ಪಡೆದುಕೊಂಡರು. 2024ರ ಫೆಬ್ರವರಿಯಲ್ಲಿ ಬಂದ 5.6.0 ಆವೃತ್ತಿಯೊಳಗೆ ಕಳ್ಳಬಾಗಿಲಿತ್ತು. ಗುರಿಯಾಗಿದ್ದದ್ದು ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್. ಅದಕ್ಕೆ ಎಕ್ಸ್‌ಝಡ್‌ನ ಅಗತ್ಯವೇನೂ ಇಲ್ಲ. ಆದರೆ ಲಿನಕ್ಸ್‌ನ ರೂಪಗಳಾದ ಡೆಬಿಯನ್, ಫೆಡೋರಾದವರು ಅದಕ್ಕೆ ಸಿಸ್ಟಮ್‌ಡಿಯ (ಯಂತ್ರದ ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ತಂತ್ರಾಂಶ) ಒಂದು ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಮುಗಳು ಬಳಸುವ ಕೋಡ್, ಜೋಡಿಸಿದ್ದರು, ಆ ಲೈಬ್ರರಿಗೆ ಎಕ್ಸ್‌ಝಡ್ ಬೇಕಿತ್ತು. ನಂಟನ ನಂಟ ಎಂದುಕೊಂಡು ಒಳಗೆ ಬಂದಂತಾಯಿತು.

ಪೋಸ್ಟ್‌ಗ್ರೆಸ್ ಡೇಟಾಬೇಸಿನ ಎಂಜಿನಿಯರ್ ಆಂಡ್ರೆಸ್ ಫ್ರಾಯ್ಂಡ್ ಬೇರೇನನ್ನೋ ಅಳೆಯುತ್ತಿದ್ದಾಗ, ಲಾಗಿನ್‌ಗೆ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದು ಅವರ ಕಣ್ಣಿಗೆ ಬಿತ್ತು. ಕೆದಕುತ್ತ ಹೋಗಿ ಮಾರ್ಚ್ 29ರಂದು ವಿಷಯ ಬಯಲು ಮಾಡಿದರು. ಅರ್ಧ ಸೆಕೆಂಡನ್ನು ಅನುಮಾನಿಸುವ ಮನುಷ್ಯ ಅಲ್ಲಿದ್ದದ್ದು ನಮ್ಮೆಲ್ಲರ ಪುಣ್ಯ. ಆ ಎಕ್ಸ್‌ಝಡ್ ಫೈಲಿಗೆ ಡಿಜಿಟಲ್ ಸಹಿ ಸರಿಯಾಗಿಯೇ ಇತ್ತು ಎಂಬುದನ್ನು ಗಮನಿಸಬೇಕು. ಸಹಿ ಹೇಳುವುದು ಯಾರು ಕೊಟ್ಟರು, ದಾರಿಯಲ್ಲಿ ಬದಲಾಗಿದೆಯೇ ಎಂಬುದನ್ನಷ್ಟೇ. ಕೊಟ್ಟವರ ಮನಸ್ಸಿನಲ್ಲಿ ಏನಿತ್ತೆಂದು ಅದಕ್ಕೆ ಗೊತ್ತಿಲ್ಲ.

ತಾಳಿದವನು ಬಾಳಿಯಾನು ಎಂಬ ಮಾತು ಎಕ್ಸ್‌ಝಡ್ ವಿಷಯದಲ್ಲಿ ನಿಜವಾಯಿತು, ವನ್ನಾಕ್ರೈ ವಿಷಯದಲ್ಲಿ ಸುಳ್ಳಾಯಿತು. ಅಪ್‌ಡೇಟ್ ಎಂಬ ಒಂದೇ ಗುಂಡಿಯ ಹಿಂದೆ ಎರಡು ಬೇರೆ ಬೇರೆ ಸರಕುಗಳಿರುವುದೇ ಈ ಗೊಂದಲಕ್ಕೆ ಕಾರಣ. ಒಂದು, ಗೊತ್ತಿರುವ ತೂತು ಮುಚ್ಚುವ ಚಿಕ್ಕ ತಿದ್ದುಪಡಿ. ಇನ್ನೊಂದು, ಯಾರೂ ಹೆಚ್ಚು ಬಳಸಿ ನೋಡಿರದ ಹೊಸ ಕೋಡ್. ಮೊದಲನೆಯದು ತಡವಾದಷ್ಟೂ ಅಪಾಯ, ಎರಡನೆಯದು ಬೇಗ ಬಂದಷ್ಟೂ ಅಪಾಯ.

ಡೆಬಿಯನ್ ಇವೆರಡನ್ನೂ ಬೇರ್ಪಡಿಸಿದ ರೀತಿ ನನಗೆ ಬಹಳ ಮೆಚ್ಚುಗೆ. ಹೊಸ ಆವೃತ್ತಿ ಮೊದಲು ‘ಅನ್‌ಸ್ಟೇಬಲ್’ ವಿಭಾಗಕ್ಕೆ ಬರುತ್ತದೆ, ಕೆಲವು ದಿನ ದೊಡ್ಡ ದೂರು ಬಾರದಿದ್ದರೆ ‘ಟೆಸ್ಟಿಂಗ್’ಗೆ ದಾಟುತ್ತದೆ, ಸುಮಾರು ಎರಡು ವರ್ಷಕ್ಕೊಮ್ಮೆ ಎಲ್ಲವನ್ನೂ ಸ್ಥಿರಗೊಳಿಸಿ ‘ಸ್ಟೇಬಲ್’ ಎಂದು ಬಿಡುಗಡೆ ಮಾಡುತ್ತಾರೆ. ಆಮೇಲೆ ಸುರಕ್ಷತೆಯ ದೋಷ ಸಿಕ್ಕರೆ ಸಾಮಾನ್ಯವಾಗಿ ಹೊಸ ಆವೃತ್ತಿ ತುರುಕುವುದಿಲ್ಲ. ಆ ಒಂದು ತಿದ್ದುಪಡಿಯನ್ನಷ್ಟೇ ಬಿಡಿಸಿ ಹಳೆಯ ಕೋಡಿಗೆ ಸೇರಿಸುತ್ತಾರೆ. ಹಾಗಾಗಿ ಎಕ್ಸ್‌ಝಡ್‌ನ ಗಾಳಿ ಟೆಸ್ಟಿಂಗ್‌ವರೆಗೂ ಬೀಸಿದರೂ ಸ್ಟೇಬಲ್ ಬಳಸುವವರಿಗೆ ಏನೂ ಆಗಲಿಲ್ಲ. ಅವರ ಬಳಿ ಇದ್ದದ್ದು 5.4 ಸರಣಿಯ ಎಕ್ಸ್‌ಝಡ್.

ಎಲ್ಲ ಕಡೆ ಈ ಆಯ್ಕೆ ನಮ್ಮ ಕೈಯಲ್ಲಿರುವುದಿಲ್ಲ. 2024ರ ಜುಲೈ 19ರಂದು ಸುರಕ್ಷತಾ ತಂತ್ರಾಂಶದ ಕಂಪನಿ ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ದೋಷಪೂರಿತ ಫೈಲಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತವು, ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಸಾಲು ಬೆಳೆಯಿತು. ಅದು ಬಳಕೆದಾರರನ್ನು ಕೇಳದೆ ತಾನಾಗಿ ಬರುವ ಫೈಲು.

ಇನ್ನು ಅಪ್‌ಡೇಟ್ ಆದಮೇಲೆ ಕೇಳುವ ರೀಸ್ಟಾರ್ಟ್. ಲಿನಕ್ಸ್‌ನಲ್ಲಿ ಬಳಕೆಯಲ್ಲಿರುವ ಫೈಲಿನ ಜಾಗಕ್ಕೇ ಹೊಸದನ್ನು ತಂದಿಡಬಹುದು. ಆದರೆ ಆಗಲೇ ಓಡುತ್ತಿರುವ ಪ್ರೋಗ್ರಾಮ್ ಹಳೆಯ ಪ್ರತಿಯನ್ನೇ ಹಿಡಿದುಕೊಂಡಿರುತ್ತದೆ. ಪ್ಯಾಚ್ ಡಿಸ್ಕಿಗೆ ಬಂದಿದೆ, ತೂತು ಮೆಮೊರಿಯಲ್ಲಿ ಹಾಗೇ ಇದೆ. ವಿಂಡೋಸ್‌ನಲ್ಲಿ ತೆರೆದಿರುವ ಸಿಸ್ಟಮ್ ಫೈಲುಗಳನ್ನು ಸಾಮಾನ್ಯವಾಗಿ ಬದಲಿಸಲಾಗದು, ಅದಕ್ಕೇ ರೀಸ್ಟಾರ್ಟಿನ ಕಾಟ. ಅಲ್ಲಿ ಇನ್ನೊಂದು ಸೂಕ್ಷ್ಮವಿದೆ: ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಬರೀ ಶಟ್‌ಡೌನ್ ಮಾಡಿ ಮತ್ತೆ ಹಚ್ಚಿದಾಗ ವ್ಯವಸ್ಥೆಯ ತಿರುಳಾದ ಕರ್ನೆಲ್ ಹೊಸದಾಗಿ ಶುರುವಾಗುವುದಿಲ್ಲ, ರೀಸ್ಟಾರ್ಟ್ ಒತ್ತಿದರೆ ಮಾತ್ರ ಆಗುತ್ತದೆ.

ನನ್ನ ಯಂತ್ರದಲ್ಲಿ ಬ್ರೌಸರ್ ಮತ್ತು ಸುರಕ್ಷತಾ ಪ್ಯಾಚುಗಳು ತಾವಾಗಿಯೇ ಬಂದುಹೋಗುತ್ತವೆ. ಲಿನಕ್ಸ್‌ನ ಇನ್ನೊಂದು ರೂಪವಾದ ಉಬುಂಟುವಿನಲ್ಲಿ ಸುರಕ್ಷತೆಯವನ್ನು ಮಾತ್ರ ತಾನಾಗಿ ಹಾಕುವ ವ್ಯವಸ್ಥೆ ಮೊದಲೇ ಇದೆ. ಇಡೀ ವ್ಯವಸ್ಥೆಯ ಹೊಸ ಆವೃತ್ತಿಗೆ ಮಾತ್ರ ಕಾಯುತ್ತೇನೆ. ಉಬುಂಟುವಿನವರೂ ಅದನ್ನೇ ಮಾಡುತ್ತಾರೆ: 24.04 ಆವೃತ್ತಿ 2024ರ ಏಪ್ರಿಲ್‌ನಲ್ಲಿ ಬಂತು, ಹಿಂದಿನ ಎಲ್‌ಟಿಎಸ್ (ದೀರ್ಘಕಾಲ ಬೆಂಬಲವಿರುವ) ಆವೃತ್ತಿಯವರಿಗೆ ಮೇಲೇರುವ ಆಹ್ವಾನವನ್ನು ಆಗಸ್ಟ್ ಕೊನೆಯ 24.04.1 ಬರುವವರೆಗೆ ತಡೆಹಿಡಿದಿದ್ದರು.