20ನೇ ಸ್ಥಾನಕ್ಕೆ ನಿಂತ ಸೊಯಾನ್ ಲೀಡರ್ ಆಗಿದ್ದು ಹೇಗೆ?

ಓದುಗರ ಪ್ರಶ್ನೆ: ಕೊರಿಯಾದ ಪಾಪ್ (ಕೆ-ಪಾಪ್) ಗುಂಪು ಜಿ-ಐಡಲ್‌ನ ಸೊಯಾನ್ ಮೊದಲು ಒಂದು ಟಿವಿ ಸ್ಪರ್ಧೆಯಲ್ಲಿ ಸೋತಿದ್ದರಂತೆ. ಹಾಗಿದ್ದೂ ಎರಡೇ ವರ್ಷದಲ್ಲಿ ಲೀಡರ್ ಆದರಲ್ವಾ, ಅದು ಹೇಗೆ? ರ‍್ಯಾಪ್ ಚೆನ್ನಾಗಿ ಮಾಡ್ತಾರೆ ಅಂತಾನಾ?

ರ‍್ಯಾಪ್ ಅರ್ಧ ಕಾರಣ ಅಷ್ಟೆ. ಇನ್ನರ್ಧ, ನನ್ನ ಪ್ರಕಾರ ಜಾಸ್ತಿ ತೂಕದ್ದು: ಅವರಿಗೆ ಇಡೀ ಹಾಡು ಕಟ್ಟೋಕೆ ಬರುತ್ತಿತ್ತು.

ಸೋಲಿನಿಂದಲೇ ಶುರು ಮಾಡೋಣ. 2016ರ ಜನವರಿಯಲ್ಲಿ ಕೊರಿಯಾದ ಎಂನೆಟ್ ಚಾನೆಲ್‌ನಲ್ಲಿ 'ಪ್ರೊಡ್ಯೂಸ್ 101' ಬಂತು. ಬೇರೆ ಬೇರೆ ಸಂಗೀತ ಕಂಪನಿಗಳಲ್ಲಿ ತರಬೇತಿ ಪಡೆಯುತ್ತಿದ್ದ 101 ಹುಡುಗಿಯರು ಅದರಲ್ಲಿದ್ದರು. ಜನರ ಓಟು ಜಾಸ್ತಿ ಬಿದ್ದ 11 ಜನ ಸೇರಿ ಒಂದು ಗುಂಪು ಆಗಬೇಕು. ಕ್ಯೂಬ್ ಎಂಟರ್‌ಟೈನ್‌ಮೆಂಟ್ ಕಡೆಯಿಂದ ಬಂದಿದ್ದ ಜೊನ್ ಸೊಯಾನ್‌ಗೆ ಆಗ 17 ವರ್ಷ. ಕೊನೆಯ 22 ಜನರ ತನಕ ಉಳಿದರು. ಫೈನಲ್‌ನಲ್ಲಿ 20ನೇ ಸ್ಥಾನ. ಗೆದ್ದ 11 ಜನರ ಗುಂಪು ಐ.ಒ.ಐ. ಅವರಿಲ್ಲದೆ ಹೊರಟಿತು.

ಇದನ್ನು ಸುಮ್ನೆ ಸೋಲು ಅಂತ ಬಿಟ್ಟುಬಿಡೋಕೆ ನನಗೆ ಮನಸ್ಸಿಲ್ಲ. ಅಷ್ಟು ದೊಡ್ಡ ಸ್ಪರ್ಧೆಯಲ್ಲಿ ರ‍್ಯಾಪರ್‌ಗೆ ಸಿಗೋದು ಹಾಡಿನ ಮಧ್ಯೆ ನಾಲ್ಕಾರು ಸಾಲು. ಕ್ಯಾಮೆರಾ ಮುಖದ ಮೇಲೆ ನಿಲ್ಲೋ ಹೊತ್ತಿಗೆ ಸಾಲು ಮುಗಿದಿರುತ್ತೆ. ಅಷ್ಟರಲ್ಲೇ ಓಟು ಗಿಟ್ಟಿಸಬೇಕು.

ಅದೇ ವರ್ಷ ಜುಲೈಯಲ್ಲಿ ಎರಡನೇ ಅವಕಾಶ ಬಂತು: 'ಅನ್‌ಪ್ರಿಟಿ ರ‍್ಯಾಪ್‌ಸ್ಟಾರ್'ನ ಮೂರನೇ ಸೀಸನ್. ಅದು ಹೆಣ್ಣುಮಕ್ಕಳಿಗೇ ಮೀಸಲಾದ ರ‍್ಯಾಪ್ ಸ್ಪರ್ಧೆ. ಇಲ್ಲಿ ತಮ್ಮ ಸಾಲನ್ನು ತಾವೇ ಬರೆದು, ಎದುರಾಳಿಯ ಮುಖ ನೋಡುತ್ತಾ ಹೇಳಬೇಕು. ಕುಣಿದು ಹಾಡುವ ಗುಂಪುಗಳ ರ‍್ಯಾಪರ್ ಅಂದ್ರೆ ಹಿಪ್-ಹಾಪ್ ಮಂದಿಗೆ ಅಷ್ಟಕ್ಕಷ್ಟೆ. ಬೇರೆಯವರು ಬರೆದುಕೊಟ್ಟಿದ್ದನ್ನು ಒಪ್ಪಿಸೋರು ಅನ್ನೋ ಭಾವನೆ. ಸೊಯಾನ್ ಆಗಿನ್ನೂ ಯಾವ ಗುಂಪಿನಲ್ಲೂ ಇರಲಿಲ್ಲ, ತಮ್ಮದೇ ಅಂತ ಒಂದು ಹಾಡೂ ಬಿಡುಗಡೆಯಾಗಿರಲಿಲ್ಲ. ಆದರೂ ಕೊನೆಯ ಹಂತದವರೆಗೆ ಹೋದರು. ಗೆದ್ದವರು ಜೈಂಟ್ ಪಿಂಕ್. ಆದರೆ ಮೂಗಿನಿಂದ ಬರುವಂತಿರುವ ಸೊಯಾನ್ ಅವರ ಆ ಚೂಪು ದನಿ ಜನರ ನೆನಪಿನಲ್ಲಿ ಉಳಿದಿದ್ದು ಇಲ್ಲಿಂದ ಅಂತ ನನ್ನ ಅನಿಸಿಕೆ.

ಇಲ್ಲಿಂದ ಮುಂದಿನದು ನನಗೆ ತುಂಬಾ ಇಷ್ಟವಾದ ಭಾಗ. 2017ರ ನವೆಂಬರ್‌ನಲ್ಲಿ ಅವರ ಮೊದಲ ಸೋಲೊ ಹಾಡು 'ಜೆಲ್ಲಿ' ಬಂತು. ದೊಡ್ಡ ಹಿಟ್ ಏನಲ್ಲ. ಆದರೆ ದಯವಿಟ್ಟು ಒಮ್ಮೆ ಕೇಳಿ. ಸ್ಪರ್ಧೆಯಲ್ಲಿ ಕಂಡ ಸಿಡುಕು ಮುಖ ಇದರಲ್ಲಿ ಇಲ್ಲ. ಹಗುರವಾದ, ತುಂಟತನದ ಹಾಡು. ರ‍್ಯಾಪ್ ಎಲ್ಲಿ ಮುಗಿದು ರಾಗ ಎಲ್ಲಿ ಶುರುವಾಯ್ತು ಅನ್ನೋದೇ ಗೊತ್ತಾಗೋದಿಲ್ಲ. ತನ್ನ ನಾಲ್ಕು ಸಾಲು ಬರೆದುಕೊಂಡು ಸುಮ್ಮನಾಗುವ ರ‍್ಯಾಪರ್ ಅಲ್ಲ ಇವರು ಅಂತ ಆಗಲೇ ಕೇಳಿಸುತ್ತೆ. 2018ರ ಮಾರ್ಚ್‌ನಲ್ಲಿ 'ಐಡಲ್ ಸಾಂಗ್' ಅಂತ ಇನ್ನೊಂದು ಬಂತು.

ಆಮೇಲೆ 2018ರ ಮೇ 2. ಕೊರಿಯಾ, ಥಾಯ್ಲೆಂಡ್, ಚೀನಾ, ತೈವಾನ್‌ನಿಂದ ಬಂದ ಆರು ಹುಡುಗಿಯರ ಗುಂಪು ಜಿ-ಐಡಲ್ 'ಲಟಾಟಾ' ಹಾಡಿನೊಂದಿಗೆ ವೇದಿಕೆ ಹತ್ತಿತು. ಹೊಸ ಗುಂಪಿನ ಮೊದಲ ಹಾಡು ಅಂದ್ರೆ ಕಂಪನಿಗೆ ಜೀವ ಬಾಯಿಗೆ ಬಂದಿರುತ್ತೆ. ಸಾಮಾನ್ಯವಾಗಿ ಹೆಸರು ಮಾಡಿದ ಸಂಗೀತಗಾರರಿಗೇ ಆ ಕೆಲಸ ವಹಿಸುತ್ತಾರೆ. 'ಲಟಾಟಾ'ದ ಸಾಹಿತ್ಯ ಸೊಯಾನ್‌ದು. ಸಂಗೀತ ಅವರದೂ ಬಿಗ್ ಸ್ಯಾಂಚೊ ಅನ್ನುವವರದೂ. ಆಗ ಸೊಯಾನ್‌ಗೆ 19. ಇಪ್ಪತ್ತು ದಿನದಲ್ಲಿ ಗುಂಪಿಗೆ ಟಿವಿ ಸಂಗೀತ ಕಾರ್ಯಕ್ರಮವೊಂದರಲ್ಲಿ ಮೊದಲ ಗೆಲುವು ಸಿಕ್ಕಿತು.

ಹಾಗಾಗಿ ಲೀಡರ್ ಪಟ್ಟದ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಗುಂಪಿನಲ್ಲಿ ಯಾರ ದನಿ ಎಲ್ಲಿ ಬರಬೇಕು ಅಂತ ಮೊದಲೇ ಯೋಚಿಸಿ ಹಾಡು ಬರೆಯುವವರೇ ಮುಂದೆ ನಿಂತರು.

ಅದೇ ವರ್ಷ ನವೆಂಬರ್‌ನಲ್ಲಿ 'ಲೀಗ್ ಆಫ್ ಲೆಜೆಂಡ್ಸ್' ಅನ್ನೋ ವಿಡಿಯೊ ಗೇಮ್‌ನ ಪಾತ್ರಗಳದೇ ಕಾಲ್ಪನಿಕ ಗುಂಪಾದ ಕೆ/ಡಿಎಯ 'ಪಾಪ್/ಸ್ಟಾರ್ಸ್' ಹಾಡಿನಲ್ಲಿ ಅಕಾಲಿ ಪಾತ್ರದ ರ‍್ಯಾಪ್ ಹೇಳಿದ್ದೂ ಇವರೇ. ಕೆ-ಪಾಪ್ ಗಂಧವೇ ಇಲ್ಲದ ಗೇಮರ್‌ಗಳಿಗೂ ಆ ದನಿ ಪರಿಚಯವಾಯಿತು.

2019ರಲ್ಲಿ ಮತ್ತೆ ಎಂನೆಟ್, ಮತ್ತೆ ಸ್ಪರ್ಧೆ, ಹೆಸರು 'ಕ್ವೀನ್‌ಡಮ್'. ಈ ಸಲ ಇಡೀ ಗುಂಪಿನ ಜೊತೆ ಬಂದರು. ಫೈನಲ್‌ಗೆ ಸೊಯಾನ್ ಬರೆದಿದ್ದು 'ಲಯನ್'. ಗುಂಪಿಗೆ ಸಿಕ್ಕಿದ್ದು ಮೂರನೇ ಸ್ಥಾನ. ಆ ಹಾಡನ್ನು ಮಾತ್ರ ಜನ ಬಿಡಲಿಲ್ಲ, ಮುಂದೆ ಅದಕ್ಕೊಂದು ಪೂರ್ತಿ ಮ್ಯೂಸಿಕ್ ವಿಡಿಯೊವೂ ಬಂತು.