ಟೊಳ್ಳು ಪಾತ್ರೆಯ ಹೊರರೇಖೆ ತಿದ್ದುವುದು: ಲೇತ್ ಕಲಿಯುವವರಿಗೆ ಟಿಪ್ಪಣಿ

ಬಾಯಿ ಕಿರಿದು, ಹೊಟ್ಟೆ ಅಗಲ. ಮರವನ್ನು ತಿರುಗಿಸುತ್ತ ಕೆತ್ತುವ ಯಂತ್ರವಾದ ಲೇತಿನಲ್ಲಿ ಇಂಥ ಮರದ ಪಾತ್ರೆ ಕಡೆಯಲು ಕೂತರೆ ಕಲಿಯುವವರ ಗಮನವೆಲ್ಲ ಒಳಗೆ ತೋಡುವುದರ ಮೇಲೆಯೇ. ಕಿರುಬಾಯಿಯಿಂದ ಉಳಿ ತೂರಿಸಿ ಕಾಣದ ಕಡೆ ಕೆತ್ತುವುದು ಕಷ್ಟ, ನಿಜ. ಆದರೆ ಪಾತ್ರೆ ಮೇಜಿನ ಮೇಲೆ ಕೂತಾಗ ನೋಡುವವರಿಗೆ ಸಿಗುವುದು ಹೊರರೇಖೆ ಮಾತ್ರ. ಅದನ್ನು ತೋಡುವ ಮೊದಲೇ ಮುಗಿಸಿಬಿಡಬೇಕು. ತೋಡಿದ ಮೇಲೆ ಗೋಡೆ ತೆಳುವಾಗಿ ಅದುರುತ್ತದೆ, ಉಳಿ ನೆಮ್ಮದಿಯಾಗಿ ಓಡುವುದಿಲ್ಲ. ಆಗ ಹೊರಗಿನಿಂದ ತಿದ್ದಹೊರಟರೆ ಗೋಡೆಯೇ ತೂತಾಗಬಹುದು.

ಮರದ ವಿಷಯ ಬೇಗ ಮುಗಿಸುತ್ತೇನೆ. ಕೊಡಗಿನಲ್ಲಿ ಕೈ ಪಳಗಿಸಲು ಸಿಲ್ವರ್ ಓಕ್ ಸಾಕು. ಆಸ್ಟ್ರೇಲಿಯಾ ಮೂಲದ ಈ ಮರ ಕಾಫಿ ತೋಟದಲ್ಲಿ ನೆರಳಿಗೂ ಇದೆ, ಮೆಣಸಿನ ಬಳ್ಳಿಗೆ ಆಸರೆಯಾಗಿಯೂ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯುವ ಅನುಮತಿಯಿಂದ ವಿನಾಯಿತಿ ಪಡೆದ ಜಾತಿಗಳಲ್ಲಿ ಇದೂ ಒಂದು. ಬೀಟೆಯ ಆಸೆ ಸದ್ಯಕ್ಕೆ ಬೇಡ, ರೇಖೆ ಕಲಿಯುವ ಹೊತ್ತಿಗೆ ಅಷ್ಟು ಬೆಲೆಯ ಮರವನ್ನು ಹೊಟ್ಟು ಮಾಡುವುದು ಅನ್ಯಾಯ. ಸಿಲ್ವರ್ ಓಕಿನ ಹೊಟ್ಟು ಕೆಲವರಿಗೆ ಚರ್ಮದ ತುರಿಕೆ ತರುತ್ತದೆ, ಮಾಸ್ಕ್ ಹಾಕಿ, ತೋಳು ಮುಚ್ಚಿಕೊಳ್ಳಿ. ಮಳೆಗಾಲದಲ್ಲಿ ದಿಮ್ಮಿ ಒಣಗುವುದು ಬಲು ನಿಧಾನ. ಎರಡು ತುದಿಗೂ ಮೇಣ ಬಳಿದು ಗಾಳಿಯಾಡುವ ಕಡೆ ಇಟ್ಟರೆ ಸೀಳು ಕಡಿಮೆ.

ಈಗ ರೇಖೆ. ನಾರು ಲೇತಿನ ಅಕ್ಷದ ಉದ್ದಕ್ಕೆ ಇರುವಂತೆ ದಿಮ್ಮಿ ಕಟ್ಟಿದ್ದೇವೆ ಎಂದುಕೊಳ್ಳಿ. ಮೊದಲು ಅದನ್ನು ಉರುಟು ಕಂಬ ಮಾಡುತ್ತೇವೆ. ಆಮೇಲೆ ಹೊಟ್ಟೆಯಿಂದ ಬಾಯಿಯತ್ತ, ಹೊಟ್ಟೆಯಿಂದ ತಳದತ್ತ ಕೆತ್ತುತ್ತೇವೆ. ದಪ್ಪದಿಂದ ತೆಳುವಿನ ಕಡೆಗೆ ಹೋದರೇ ನಾರು ಕಿತ್ತು ಬರುವುದಿಲ್ಲ. ತೊಂದರೆ ಇಲ್ಲೇ ಹುಟ್ಟುತ್ತದೆ. ಎರಡೂ ಕಡೆಯ ಕೆತ್ತನೆ ಹೊಟ್ಟೆಯಿಂದಲೇ ಶುರುವಾಗುವುದರಿಂದ ನಟ್ಟನಡುವೆ ಹಳೆಯ ಕಂಬದ ಒಂದು ಪಟ್ಟಿ ಹಾಗೇ ಉಳಿದುಬಿಡುತ್ತದೆ. ಅಗಲ ಒಂದು ಬೆರಳಿನಷ್ಟೇ ಇರಬಹುದು, ಆದರೂ ಪಾತ್ರೆಗೆ ಬೆಲ್ಟ್ ಬಿಗಿದಂತೆ ಕಾಣುತ್ತದೆ. ಕಲಿಕೆಯ ಪಾತ್ರೆಗಳಲ್ಲಿ ನಾನು ಮೊದಲು ಹುಡುಕುವುದು ಈ ಪಟ್ಟಿಯನ್ನೇ.

ಅತಿ ಅಗಲವಾದ ಜಾಗಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ. ಎರಡೂ ಕಡೆಯಿಂದ ಗೆರೆಯ ಅಂಚಿನವರೆಗೂ ಕೆತ್ತಿ ಬನ್ನಿ. ಕೊನೆಯ ಹಗುರ ಕೆತ್ತನೆಯಲ್ಲಿ ಗೆರೆಯೂ ಅಳಿಯಬೇಕು. ಲೇತ್ ನಿಲ್ಲಿಸಿ, ಪುಟ್ಟ ಉಕ್ಕಿನ ಸ್ಕೇಲನ್ನು ಮೈಮೇಲೆ ಬಾಯಿಯಿಂದ ತಳದವರೆಗೆ ಉರುಳಿಸಿ. ಅದು ಎಲ್ಲಿಯೂ ಒಂದೇ ಬಿಂದುವಿನಲ್ಲಿ ತಾಗಿ ಸಲೀಸಾಗಿ ಮುಂದೆ ಸಾಗಬೇಕು. ಸಪಾಟಾಗಿ ಕೂತರೆ ಅಲ್ಲಿ ರೇಖೆ ಸತ್ತಿದೆ. ಎರಡು ಕಡೆ ತಾಗಿ ನಡುವೆ ಬೆಳಕು ಕಂಡರೆ ತಗ್ಗಿದೆ. ಕತ್ತು ಒಳಬಾಗಿದ್ದರೆ ಅಲ್ಲಿಗೆ ಈ ಪರೀಕ್ಷೆ ಹೊಂದದು, ಅದನ್ನು ಬಿಟ್ಟು ನೋಡಿ.

ಕಣ್ಣಿನ ಇನ್ನೊಂದು ಮೋಸವಿದೆ. ಲೇತಿನಲ್ಲಿ ಪಾತ್ರೆ ಮಲಗಿರುತ್ತದೆ, ಅದರ ಬದುಕು ಮಾತ್ರ ನಿಂತು. ಮಲಗಿದಾಗ ಚೆಂದ ಕಂಡದ್ದು ನಿಲ್ಲಿಸಿದಾಗ ತಳಭಾರವಾಗಿ ಕಾಣುವುದು ಸಾಮಾನ್ಯ. ಆದ್ದರಿಂದ ಚಕ್ (ಮರವನ್ನು ಕಚ್ಚಿ ಹಿಡಿಯುವ ಲೇತಿನ ಭಾಗ) ಸಮೇತ ಬಿಚ್ಚಿ ನಿಲ್ಲಿಸಿ ನೋಡಿ. ಪಾತ್ರೆಯನ್ನು ಚಕ್ಕಿನಿಂದ ಕಳಚಬೇಡಿ, ಮತ್ತೆ ಕಟ್ಟಿದಾಗ ಅದೇ ಕೇಂದ್ರ ಸಿಗುವುದು ಕಷ್ಟ. ಹಿಂದೆ ಬಿಳಿ ಬಟ್ಟೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು ತಿರುಗಿಸಿ ನೋಡಿದರೂ ನಡೆಯುತ್ತದೆ. ಫೋಟೋದಲ್ಲಿ ಮರದ ಬಣ್ಣ, ನಕ್ಷೆಗಳ ಮೋಹವೂ ಸ್ವಲ್ಪ ಇಳಿಯುತ್ತದೆ. ಸಣ್ಣ ಸರಪಳಿಯ ಎರಡು ತುದಿ ಹಿಡಿದು ಇಳಿಬಿಟ್ಟರೆ ತಾನಾಗಿ ಮೂಡುವ ಬಾಗನ್ನು ಪಾತ್ರೆಯ ಪಕ್ಕ ಹಿಡಿದು ಹೋಲಿಸುವುದು ಹಳೆಯ ಉಪಾಯ.

ಹೊಟ್ಟೆ ಎಲ್ಲಿರಬೇಕು? ಎತ್ತರವನ್ನು ಮೂರು ಪಾಲು ಮಾಡಿ ಮೇಲಿನ ಪಾಲು ಮುಗಿಯುವಲ್ಲಿ ಇಟ್ಟರೆ ಪಾತ್ರೆ ಎದೆಯುಬ್ಬಿಸಿ ನಿಲ್ಲುತ್ತದೆ. ನಟ್ಟನಡುವೆ ಇಟ್ಟರೆ ಹೆಚ್ಚಿನಂಶ ಮಂಕು. ತಳ ಹೊಟ್ಟೆಯ ಅಗಲದ ಮೂರನೇ ಒಂದರಷ್ಟು, ಅಂದರೆ 180 ಮಿ.ಮೀ. ಹೊಟ್ಟೆಗೆ 60 ಮಿ.ಮೀ. ತಳ. ಇವು ಶುರುಮಾಡಲು ಹಿಡಿಯುವ ಅಳತೆಗಳು, ಕಾನೂನಲ್ಲ. ಮನೆಯಲ್ಲಿ ಹಳೆಯ ಕಂಚಿನ ಕಿಂಡಿ (ಮೂತಿಯಿರುವ ನೀರಿನ ಪಾತ್ರೆ) ಇದ್ದರೆ ಅದರ ಮೂತಿಯನ್ನು ಕೈಯಿಂದ ಮರೆಮಾಡಿ ನೋಡಿ. ಹೊಟ್ಟೆ ಕತ್ತಿಗೆ ಹೇಗೆ ತಿರುಗಿದೆ, ತಳಕ್ಕೆ ಹೇಗೆ ಇಳಿದಿದೆ ಎಂದು ಬೆರಳಾಡಿಸಿದರೆ ಚಿತ್ರ ಬರೆದು ಕಲಿಯುವುದಕ್ಕಿಂತ ಬೇಗ ಹತ್ತುತ್ತದೆ.

ಬಾಯಿಯ ಸುತ್ತಲ ಮೇಲ್ಭಾಗ ಪೂರ್ತಿ ಚಪ್ಪಟೆಯಾದರೆ ಒಳಗೆ ಕುಸಿದಂತೆ ಕಾಣುತ್ತದೆ, ತುಸು ಏರು ಇರಲಿ. ಬಾಯಿ ಎಷ್ಟು ಅಗಲ ಎಂದು ಗೊಂದಲವಾದರೆ ಕಪ್ಪು ಕಾಗದದಲ್ಲಿ ಬೇರೆ ಬೇರೆ ಅಳತೆಯ ಬಿಲ್ಲೆ ಕತ್ತರಿಸಿ ಮೇಲಿಟ್ಟು ನೋಡಿ. ತೂತು ಕೊರೆದ ಮೇಲೆ ಕಿರಿದು ಮಾಡಲಾಗದು.

ಆಕಾರ ಒಪ್ಪಿದ ಮೇಲೆ ಹರಿತವಾದ ಸ್ಕ್ರೇಪರಿನ ಅಂಚನ್ನು ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು ನವಿರಾಗಿ ಹೆರೆಯಿರಿ. ಬೂದಿಯಂತಲ್ಲ, ಎಳೆ ಎಳೆಯಾಗಿ ಹೊಟ್ಟು ಬರಬೇಕು. ಉಪ್ಪುಕಾಗದ 120ರಿಂದ 320ರವರೆಗೆ ಸಾಕು. ರೇಖೆಯ ತಪ್ಪನ್ನು ಉಪ್ಪುಕಾಗದದಿಂದ ಸರಿಮಾಡಹೊರಟರೆ ಮೆತ್ತನೆಯ ನಾರು ಮೊದಲು ಸವೆದು ಮೈ ಏರಿಳಿತವಾಗುತ್ತದೆ.

ಉಳಿದದ್ದು ತಳ. ಚಕ್ ಕಚ್ಚಿದ ಗುಬುಟು ಕೊನೆಯವರೆಗೂ ಅದನ್ನು ಮರೆಮಾಡಿರುತ್ತದೆ, ಹಾಗಾಗಿ ಅಲ್ಲಿ ರೇಖೆ ಥಟ್ಟನೆ ನಿಂತುಹೋಗುವುದೇ ಹೆಚ್ಚು. ರೇಖೆ ಮೇಜಿನೊಳಕ್ಕೂ ಇಳಿದು ಮುಂದುವರಿಯುತ್ತದೆ ಎಂದು ಊಹಿಸಿಕೊಂಡು ಗುಬುಟಿನ ಬುಡದವರೆಗೆ ಎಳೆಯಿರಿ. ತೋಡಿ ಮುಗಿದ ಮೇಲೆ ಪಾತ್ರೆಯನ್ನು ತಿರುಗಿಸಿ, ಬಾಯಿಗೆ ಬಟ್ಟೆ ಸುತ್ತಿದ ಮರದ ಆಸರೆ ಕೊಟ್ಟು ಗುಬುಟು ತೆಗೆಯಿರಿ. ತಳದ ನಡುವನ್ನು ಒಂದೆರಡು ಮಿ.ಮೀ. ಒಳಬಾಗಿಸಿದರೆ ಮರ ಆಮೇಲೆ ಸ್ವಲ್ಪ ಅಲುಗಿದರೂ ಪಾತ್ರೆ ಅಂಚಿನ ಮೇಲೆ ನೇರ ಕೂರುತ್ತದೆ.